ಬೋಲ್ಟಿನ ಮೇಲೆ ಒಂದು ಗೆರೆ

ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದ ಕಿಡಿ, ತುಕ್ಕು ಕಂಡಲ್ಲೆಲ್ಲ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡುತ್ತಿದ್ದ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತಿತ್ತು. ಇಲ್ಲದ ಕಡೆ ಟೀಯಲ್ಲಿ ಅದ್ದಿದ ಬಿಸ್ಕತ್ತಿಗೆ ಬೆರಳು ಹಾಕಿದ ಹಾಗೆ ಒಳಕ್ಕೆ ಹೋಗಿ, ಕೆಂಪು ಪುಡಿ ಮುಖದ ಮೇಲೆ ಉದುರುತ್ತಿತ್ತು. ಒರೆಸಿಕೊಳ್ಳಬೇಕು ಅಂತಲೂ ಅವನಿಗೆ ಅನ್ನಿಸಲಿಲ್ಲ.

"ಹೇಗಿದೆ?" ಮೇಲಿನಿಂದ ಡಾಕ್ಟರ ದನಿ.

"ಇದೆ."

"ಇದೆ ಅಂದ್ರೆ?"

"ಇದೆ ಅಂದ್ರೆ ಇದೆ, ಡಾಕ್ಟ್ರೇ. ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಇಲ್ಲಿ ಮಲಗಿಕೊಂಡೇ ನಿಮ್ಮ ಷೆಡ್ಡಿನ ಸೂರು ನೋಡಬಹುದಿತ್ತು."

ಡಾಕ್ಟರು ನಕ್ಕದ್ದು ಕೇಳಿಸಿತು, ಮುಖ ಕಾಣಲಿಲ್ಲ. ಕಾಣುತ್ತಿದ್ದದ್ದು ಎರಡು ಜೊತೆ ಪಾದ ಮಾತ್ರ. ಒಂದು ಡಾಕ್ಟರದು, ಬಿಳಿ ರಬ್ಬರ್ ಚಪ್ಪಲಿ. ಹಲ್ಲಿನ ಡಾಕ್ಟರಾದ್ದರಿಂದ ಅದರ ಮೇಲೂ ಒಂದು ಕಲೆ ಇಲ್ಲ. ಸ್ವಲ್ಪ ಆಚೆಗೆ ಅತ್ತಿಗೆಯ ಸವೆದ ಕರಿ ಚಪ್ಪಲಿ. ಡಾಕ್ಟರ ಪಾದ ಆಗಾಗ ಭಾರ ಬದಲಿಸುತ್ತಿತ್ತು. ಅತ್ತಿಗೆಯದು ನೆಟ್ಟ ಗೂಟದ ಹಾಗೆ ನಿಂತಲ್ಲೇ ನಿಂತಿತ್ತು.

ಮೂರು ವರ್ಷದ ಹಿಂದೆ ಕಿಡಿಯ ಅಣ್ಣ, ರಿಪೇರಿಗೆ ಬಂದ ಗಿರಾಕಿಯ ಇಟಲಿ ಕಾರನ್ನು ಟ್ರಯಲ್ ನೋಡಿ ಬರ್ತೀನಿ ಅಂತ ಹೊರಟವನು ವಾಪಸ್ ಬರಲಿಲ್ಲ, ಕಾರೂ ಬರಲಿಲ್ಲ. ಅವತ್ತಿನಿಂದ ಊರಿನ ಬಾಯಲ್ಲಿ ಅಣ್ಣ ಕಾರುಗಳ್ಳ, ಕಿಡಿ ಕಳ್ಳನ ತಮ್ಮ.

ಊರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೇ? ಕಾರಿನ ಮಾಲೀಕ, ಮರದ ಸಾಹುಕಾರ, ಅಪ್ಪನ ರಿಪೇರಿ ಅಂಗಡಿ ಮುಂದೆ ನಿಂತು ಕೂಗಾಡಿದ. ಠಾಣೆಯವರು ಬಂದು ಅಂಗಡಿಯ ಡಬ್ಬಿಗಳನ್ನೆಲ್ಲ ಬೋರಲು ಹಾಕಿ, ಎತ್ತಿಡದೆ ಹೋದರು. ಅಣ್ಣನ ಕೈಯಲ್ಲಿ ಪುಕ್ಕಟೆ ರಿಪೇರಿ ಮಾಡಿಸಿಕೊಂಡವರೇ ಮೊದಲು ರಸ್ತೆಯ ಆ ಬದಿಗೆ ದಾಟಿ ನಡೆದದ್ದು. ಅಪ್ಪ ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಒಳಕೋಣೆಯಲ್ಲಿ ಗೋಡೆ ನೋಡುತ್ತಾ ಕೂತು ಕೂತೇ ಹೋದರು.

ಕಿಡಿ ಅನ್ನುವ ಹೆಸರಿಟ್ಟವನೂ ಅಣ್ಣನೇ. ಮುಟ್ಟಿದರೆ ಹೊತ್ತಿಕೊಳ್ತಾನೆ ಅಂತ. ಶಾಲೆಯಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡು ಮುರಿದು ಮನೆಗೆ ಬಂದ ದಿನ ಇಟ್ಟ ಹೆಸರು ಅದು. ಶಾಲೆ ಅವತ್ತೇ ಮುಗಿಯಿತು, ಹೆಸರು ಉಳಿಯಿತು. ಈಗ ಬರೀ ಹೆಸರು. ಹಲ್ಲು ಕೀಳುವ ಮುಂಚೆ ದವಡೆಗೆ ಸೂಜಿಮದ್ದು ಕೊಡ್ತಾರಲ್ಲ, ಕಚ್ಚಿಕೊಂಡರೂ ತನ್ನ ತುಟಿಯೋ ಪಕ್ಕದವರದೋ ಗೊತ್ತಾಗುವುದಿಲ್ಲ, ಹಾಗೆ. ಎಲ್ಲರಿಗೂ ಅದು ಸಂಜೆಯೊಳಗೆ ಇಳಿಯುತ್ತದೆ. ಇವನಿಗೆ ಇಳಿದಿರಲಿಲ್ಲ.

ಪೇಪರಿನ ಮೂಲೆಯಲ್ಲಿ ಬಂದಿದ್ದ ಜಾಹೀರಾತು ಓದಿದಾಗಲೂ ಏನೂ ಆಗಲಿಲ್ಲ. 'ಹಳೇ ಇಟಲಿ ಸ್ಪೋರ್ಟ್ಸ್ ಕಾರು, ನಾಲ್ಕು ಬಾಗಿಲು, ನಿಂತಲ್ಲೇ ನಿಂತಿದೆ. ಬಿಚ್ಚಿ ಜೋಡಿಸುವ ಹುಚ್ಚಿರುವವರು ಮಾತ್ರ ಬನ್ನಿ.' ಇಂಥ ಕಾರು ಈ ಸುತ್ತಿನಲ್ಲಿ ಇದ್ದದ್ದೇ ಒಂದು. ಅತ್ತಿಗೆಗೆ ಓದಿ ಹೇಳಿದ್ದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ಬಿಡು, ಯಾರದೋ ಏನೋ ಅಂದಿದ್ದಳು. ಆದರೆ ಇವತ್ತು ಬೆಳಿಗ್ಗೆ ಅವನು ಹಿತ್ತಲಿಂದ ಮುಖ ತೊಳೆದು ಬರುವ ಹೊತ್ತಿಗೆ, ಹಾಲು ತಗೊಂಡು ಬಾಗಿಲು ಹಾಕುತ್ತಿದ್ದವಳು ಇದ್ದಕ್ಕಿದ್ದ ಹಾಗೆ, ನಾನೂ ಬರ್ತೀನಿ, ಸೀಟು ನೋಡೋಕೆ ಒಬ್ಬರು ಬೇಕಲ್ಲ ಅಂದಳು. ಕಾರಿನ ಸೀಟುಗಳಿಗೆ ತೊಗಲು, ಬಟ್ಟೆ ಹೊಲಿಯುವುದೇ ಅವಳ ಕೆಲಸ. ಬೇಡ ಅನ್ನುವುದಕ್ಕೆ ಅವನಿಗೆ ಕಾರಣ ಇರಲಿಲ್ಲ.

ಅವನು ಈಗ ಕೆಳಗೆ ಹುಡುಕುತ್ತಿದ್ದದ್ದು ತುಕ್ಕನ್ನಲ್ಲ. ಗೆರೆಯನ್ನು.

ಅಪ್ಪನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಬಿಗಿ ಮಾಡಿದವನೇ ಗೆರೆ ಎಳೀಬೇಕು. ಬೋಲ್ಟು ಪೂರ್ತಿ ಬಿಗಿಯಾದ ಮೇಲೆ, ಅದರ ತಲೆಯಿಂದ ಪಕ್ಕದ ಕಬ್ಬಿಣಕ್ಕೆ ದಾಟುವ ಹಾಗೆ ಬಣ್ಣದ ಒಂದು ಗೆರೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಹೇಳಿಬಿಡುತ್ತದೆ. ಗೆರೆ ಇಲ್ಲದ ಬೋಲ್ಟು, ಮುಗಿಯದ ಕೆಲಸ. ಒಬ್ಬರ ಬಿಗಿಗೆ ಇನ್ನೊಬ್ಬರು ಗೆರೆ ಎಳೆದರೆ ಅಪ್ಪ ಅವತ್ತು ಊಟಕ್ಕೆ ಕರೆಯುತ್ತಿರಲಿಲ್ಲ. ಬೇರೆ ಅಂಗಡಿಗಳಲ್ಲೂ ಗೆರೆ ಇದ್ದಾವು. ಇಷ್ಟು ಭಕ್ತಿ ಇರಲಿಕ್ಕಿಲ್ಲ.

ಅಣ್ಣ ಮದುವೆಯಾದ ಮೇಲೆ ಅಂಗಡಿಯ ಪೇಂಟು ಬಿಟ್ಟು, ಹೆಂಡತಿಯ ಉಗುರುಬಣ್ಣ ಕದಿಯೋಕೆ ಶುರು ಮಾಡಿದ. ಎಂಜಿನ್ ಶಾಖಕ್ಕೂ ಸುಲಭಕ್ಕೆ ಉದುರಲ್ಲ ಕಣೋ, ಮೇಲಿಂದ ಬ್ರಷ್ಷೂ ಒಳಗೇ ಇದೆ ಅನ್ನುತ್ತಿದ್ದ. ಅತ್ತಿಗೆ, ನನ್ನ ಕೈಗಿಂತ ಊರಿನ ಎಂಜಿನ್‌ಗಳೇ ಚೆಂದ ಕಾಣ್ತವೆ ಅಂತ ಬೈಯುತ್ತಿದ್ದಳು. ಬಣ್ಣ ಯಾವತ್ತೂ ಕೆಂಪೇ. ಎಡಚನಾದ ಅಣ್ಣನ ಗೆರೆ ಎಡಕ್ಕೆ ಓಲುತ್ತಿತ್ತು, ಕೊನೆಯಲ್ಲಿ ಬ್ರಷ್ಷು ಎತ್ತುವಾಗ ಒಂದು ಸಣ್ಣ ಬಾಲ ಬಿಡುತ್ತಿತ್ತು. ಆ ಬಾಲಕ್ಕೆ ಕಿಡಿ ಎಷ್ಟು ಸಲ ಆಡಿಕೊಂಡಿದ್ದನೋ.

ಅಣ್ಣ ಹೋದ ಮೇಲೆ ಅತ್ತಿಗೆ ಉಗುರಿಗೆ ಬಣ್ಣ ಹಚ್ಚಿದ್ದು ಅವನು ನೋಡಿಲ್ಲ. ಹೋದ ತಿಂಗಳು ಏನು ತೋಚಿತೋ, ಪೇಟೆಯಿಂದ ಬರುವಾಗ ಒಂದು ಬಾಟ್ಲಿ ತಂದಿದ್ದ. ಅಂಗಡಿಯವನ ಹತ್ತಿರ ಕೆಂಪು ಇರಲಿಲ್ಲ, ಬದನೆಕಾಯಿ ಬಣ್ಣ ಇತ್ತು, ಅದನ್ನೇ ತಂದ. ಬದನೆಕಾಯಿ ಹಚ್ಕೊಂಡು ನಾನು ಎಲ್ಲಿಗೆ ಹೋಗ್ಲಿ ಅಂತ ಅತ್ತಿಗೆ ನಕ್ಕಿದ್ದಳು, ಆ ಮೂರು ವರ್ಷದಲ್ಲಿ ಮೊದಲ ಸಲ. ಆಮೇಲೆ ಒಂದು ದಿನ, ಅಯ್ಯೋ, ಆ ಬಾಟ್ಲಿ ಬಿದ್ದು ಒಡೆದುಹೋಯ್ತು ಅಂದಳು. ಹೋಗಲಿ ಬಿಡಿ ಅಂದಿದ್ದ.

ಕಾರಿನ ಕೆಳಗೆ ಕೆಂಪು ಗೆರೆ ಒಂದೂ ಇರಲಿಲ್ಲ. ಚಾಸಿ ನಂಬರಿನ ತಗಡೂ ಇರಲಿಲ್ಲ. ಅದನ್ನು ಉಳಿಯಿಂದ ಎಬ್ಬಿಸಿದ ಗುರುತು ಮಾತ್ರ ಇತ್ತು. ಸಾಹುಕಾರನ ಕಾರು ಬೆಳ್ಳಿ ಬಣ್ಣದ್ದು. ಇದು ಕಪ್ಪು. ಆದರೆ ಚಕ್ರದ ಕಮಾನಿನ ಒಳಗೆ, ಪೇಂಟಿನವನು ಸೋಮಾರಿಯಾದ ಕಡೆ, ಬೆಳ್ಳಿ ಇಣುಕುತ್ತಿತ್ತು.

ಕಿಡಿ ಜಾರಿಕೊಂಡು ಹೊರಗೆ ಬಂದ.

ಷೆಡ್ಡು ಡಾಕ್ಟರ ಕ್ಲಿನಿಕ್ಕಿನ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿತ್ತು. ಹಲ್ಲು ಕೀಳುವ ಹಳೇ ಕುರ್ಚಿ ಒಂದು ಮೂಲೆ ಹಿಡಿದಿತ್ತು. ಗೋಡೆಯ ಕಪಾಟಿನ ತುಂಬ ಗಿರಾಕಿಗಳ ಬಾಯಿಯ ಅಚ್ಚುಗಳು, ಸುಣ್ಣದ ದವಡೆಗಳು, ಸಾಲಾಗಿ ಕೂತು ನಗುತ್ತಿದ್ದವು. ಇವರು ಬಂದಾಗ ಒಳಗೆ ಕತ್ತಲೆ ಇತ್ತು. ಡಾಕ್ಟರು ಟಾರ್ಚಿಗೆ ಜೇಬು ತಡಕುತ್ತಿದ್ದಾಗ, ಅತ್ತಿಗೆ ಕಪಾಟಿನ ಹಿಂದೆ ಕೈ ಹಾಕಿ ದೀಪ ಹೊತ್ತಿಸಿದ್ದಳು. ಕಿಡಿ ಆಗ ಕಾರನ್ನೇ ನೋಡುತ್ತಿದ್ದ.

"ಮಧ್ಯಾಹ್ನಕ್ಕೆ ಗುಜರಿಯವರು ಬರ್ತಾರೆ," ಅಂದರು ಡಾಕ್ಟರು. "ಅವರಿಗೆ ಕಾರು ಬೇಡ, ಕಬ್ಬಿಣ ಬೇಕು. ನಿಮಗೆ ಬೇಕು ಅಂದ್ರೆ ಅದಕ್ಕೆ ಮೊದಲೇ ಹೇಳಿ."

ಹೇಳುವುದು ಅಷ್ಟು ಸುಲಭವಾಗಿದ್ದರೆ ಕಿಡಿ ಕಾರಿನ ಕೆಳಗೆ ಅಷ್ಟು ಹೊತ್ತು ಮಲಗುತ್ತಿರಲಿಲ್ಲ. ಬೇಡ ಅಂದರೆ ಸಂಜೆಯೊಳಗೆ ಇದು ಗುಜರಿಯವನ ಸುತ್ತಿಗೆ ಕೆಳಗೆ ಮುದ್ದೆಯಾಗುತ್ತದೆ. ಅಣ್ಣನ ಕಡೆಗೆ ಹೋಗುವ ಒಂದೇ ದಾರಿ ಅದರ ಜೊತೆ ಮುದ್ದೆ. ಬೇಕು ಅಂದರೆ, ಕಳವಾದ ಕಾರು ಕಳ್ಳನ ತಮ್ಮನ ಷೆಡ್ಡಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೇ ಕಥೆ. ಇದು ಕುಂಬಳಕಾಯಿಯನ್ನೇ ಹೊತ್ತುಕೊಂಡು ಠಾಣೆಯ ಮುಂದೆ ನಡೆದು ಹೋದ ಹಾಗೆ. ಮೊದಲೇ ಠಾಣೆಗೆ ಹೇಳಬಹುದಿತ್ತು. ಹೇಳಿದರೆ ಅವರು ಹುಡುಕುವುದು ಕಳ್ಳನನ್ನು, ಅಣ್ಣನನ್ನಲ್ಲ.

ಕೊಳ್ಳುವವನ ವೇಷಕ್ಕೆ ತಕ್ಕ ಹಾಗೆ ಅವನು ಬಾಗಿಲು ತೆಗೆದು ಕೂತ. ಹಳೇ ತೊಗಲಿನ, ಇಲಿ ಹಿಕ್ಕೆಯ, ಒಣಗಿದ ಪೆಟ್ರೋಲಿನ ವಾಸನೆ. ಡ್ಯಾಶ್‌ಬೋರ್ಡು ಬಿಸಿಲಿಗೆ ಕರಗಿ ಬೆರಳಿಗೆ ಅಂಟುತ್ತಿತ್ತು. ಕಿಟಕಿಯ ಗುಂಡಿ ಒತ್ತಿದ; ಗಾಜು ಒಂದು ಗೇಣು ಇಳಿದು ಮನಸ್ಸು ಬದಲಾಯಿಸಿತು. ಸ್ಟೇರಿಂಗಿನ ಮರದ ಬಳೆ ಮಾತ್ರ ಈಗಲೂ ಹಾಲು ಕುಡಿದ ಮಗುವಿನ ಕೆನ್ನೆಯ ಹಾಗಿತ್ತು. ಇಂಥ ಕಾರನ್ನು ಅಣ್ಣ ಗಾಡಿ ಅನ್ನುತ್ತಿರಲಿಲ್ಲ. ಇವಳು ಹಾಡೋಳು ಕಣೋ, ಅನ್ನುತ್ತಿದ್ದ, ಗಂಟಲು ಸರಿ ಇದ್ದ ದಿನ ಕೇಳಬೇಕು, ಕೆಟ್ಟ ದಿನ ಎದುರಿಗೆ ನಿಲ್ಲಬಾರದು.

ಅತ್ತಿಗೆ ಪಕ್ಕದ ಸೀಟಿನ ಕಡೆಯಿಂದ ಬಗ್ಗಿ ನೋಡುತ್ತಿದ್ದಳು.

"ಇದು ಆ ಕಾರಲ್ಲ," ಅಂದಳು, ಡಾಕ್ಟರಿಗೆ ಕೇಳಿಸದ ಹಾಗೆ. "ಅದರ ಗೇರ್ ಲಿವರಿಗೆ ತೊಗಲಿನ ಚೀಲ ಹೊಲಿದವಳು ನಾನು. ಇದು ನನ್ನ ಹೊಲಿಗೆ ಅಲ್ಲ. ನಡಿ, ಹೋಗೋಣ."

ಕಿಡಿ ತಲೆಯಾಡಿಸಿದ. ಅವಳು ಆ ಕಡೆ ತಿರುಗಿದ ಮೇಲೆ ಗೇರ್ ಲಿವರಿನ ತೊಗಲಿನ ಅಂಚನ್ನು ಮೆಲ್ಲಗೆ ಎತ್ತಿ, ಒಳಮಡಿಕೆಗೆ ಕಿರುಬೆರಳು ತೂರಿಸಿದ.

ಎಲ್ಲರೂ ಗಂಟು ಹಾಕಿ ದಾರ ಕತ್ತರಿಸುತ್ತಾರೆ. ಅತ್ತಿಗೆ ಗಂಟಿನ ಮೇಲೆ ಇನ್ನೊಂದು ಸಣ್ಣ ತೊಗಲಿನ ತುಣುಕು ಹೊಲಿದು ಮುಚ್ಚುತ್ತಾಳೆ, ಗೇರು ಹಾಕುವವರ ಬೆರಳಿಗೆ ಚುಚ್ಚಬಾರದು ಅಂತ. ನೋಡೋರು ಯಾರು, ಯಾಕೆ ಅಷ್ಟು ಕಷ್ಟ ಅಂತ ಅಣ್ಣ ಕೇಳಿದ್ದಕ್ಕೆ, ನಿಮ್ಮ ಗೆರೆ ಯಾರು ನೋಡ್ತಾರೆ ಅಂದಿದ್ದಳು.

ತುಣುಕು ಅಲ್ಲಿತ್ತು. ಕಿರುಬೆರಳಿಗೆ ನಯವಾಗಿ ತಗುಲಿತು.

ತನ್ನ ಕೈಕೆಲಸವನ್ನು ತಾನೇ ಗುರುತಿಸದಷ್ಟು ಅತ್ತಿಗೆಯ ಕಣ್ಣು ಕೆಟ್ಟಿರಲಿಲ್ಲ. ಸುಳ್ಳು ಹೇಳಿದ್ದಾಳೆ. ಕಿಡಿ ಕೈ ಹೊರಗೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಸಿಟ್ಟು ಬರಬೇಕಿತ್ತು. ಕಾದ. ಬರಲಿಲ್ಲ.

"ಬಾನೆಟ್ ಎತ್ತಲಾ?" ಅಂದ.

"ಎತ್ತಿ, ಎತ್ತಿ."

ಎಂಜಿನ್ ಮೇಲೆ ಧೂಳು ಕಂಬಳಿ ಹೊದ್ದ ಹಾಗೆ ಕೂತಿತ್ತು. ಒಂದು ಕಡೆ ಬಿಟ್ಟು. ಟೈಮಿಂಗ್ ಬೆಲ್ಟಿನ ಮುಚ್ಚಳದ ಮೇಲೆ ಬೆರಳಿನ ಗುರುತುಗಳಿದ್ದವು.

ಈ ಎಂಜಿನ್‌ಗಳ ಪ್ರಾಣ ಇರುವುದು ಹಲ್ಲುಹಲ್ಲಿನ ಒಂದು ರಬ್ಬರ್ ಬೆಲ್ಟಿನಲ್ಲಿ. ಅದು ಹರಿದರೆ ಒಳಗಿನ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗಿ, ಎಂಜಿನ್ ತನ್ನ ಹಲ್ಲು ತಾನೇ ಮುರಿದುಕೊಳ್ಳುತ್ತದೆ. ಹಾಗಾಗಿ ಹಳೇ ಕಾರು ನೋಡಲು ಬಂದವನು ಬೆಲ್ಟು ನೋಡದೆ ಹೋಗುವುದಿಲ್ಲ. ಯಾರಿಗೂ ಅನುಮಾನ ಬರುವ ಕೆಲಸ ಅಲ್ಲ ಅದು. ಕಿಡಿ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಪಕ್ಕದಲ್ಲಿ ಸಾಲಾಗಿ ಇಟ್ಟ.

ಮೊದಲು ಬಂದದ್ದು ವಾಸನೆ. ಪೆಟ್ರೋಲಿನದಲ್ಲ, ಎಣ್ಣೆಯದಲ್ಲ. ಮನೆಯ ನಡುಕೋಣೆಯ ವಾಸನೆ. ಕಿಟಕಿ ಪಕ್ಕ ಕಾಲು ಚಾಚಿ ಕೂತು, ಬೆರಳುಗಳನ್ನು ಅಗಲಿಸಿ ಊದುವ ಹೆಂಗಸಿನ ಹತ್ತಿರದ ವಾಸನೆ.

ಬೆಲ್ಟು ಹೊಸದು. ಅದನ್ನು ಎಳೆದು ಹಿಡಿಯುವ ರಾಟೆಯ ಬೋಲ್ಟಿನ ಮೇಲೆ ಒಂದು ಗೆರೆ. ಎಡಕ್ಕೆ ಓಲಿದ ಗೆರೆ. ಕೊನೆಯಲ್ಲಿ ಬಾಲ.

ಬದನೆಕಾಯಿ ಬಣ್ಣ.

ಅವನು ಹೆಬ್ಬೆರಳ ಉಗುರನ್ನು ಗೆರೆಯ ಮೇಲೆ ಒತ್ತಿದ. ಉಗುರಿನ ಗುರುತು ಬಿತ್ತು. ಒಳಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಎತ್ತಿದಾಗ ಒಂದು ಚೂರು ಉಗುರಿಗೇ ಅಂಟಿಕೊಂಡು ಬಂತು.

ಊರು ಬಿಟ್ಟು ಓಡಿಹೋದವನು, ಎಲ್ಲೋ ಸತ್ತು ಮಣ್ಣಾದವನು, ಪರದೇಶದಲ್ಲಿ ಇನ್ನೊಂದು ಸಂಸಾರ ಕಟ್ಟಿಕೊಂಡವನು. ಈ ಮೂರು ವರ್ಷ ಜನ ಅಣ್ಣನಿಗೆ ಎಷ್ಟು ಸಾವು, ಎಷ್ಟು ಬದುಕು ಕೊಟ್ಟರು. ಅಣ್ಣ ಮಾತ್ರ ಇಲ್ಲಿ, ಸುಣ್ಣದ ದವಡೆಗಳ ಎದುರು ನಿಂತು, ಬೆಲ್ಟು ಹಾಕಿದ್ದಾನೆ. ಹೆಸರು ಅಡಗಿಸಿದ್ದಾನೆ, ಮುಖ ಅಡಗಿಸಿದ್ದಾನೆ. ಬೋಲ್ಟು ಬಿಗಿಯಾದ ಮೇಲೆ ಗೆರೆ ಎಳೆಯದೆ ಇರುವುದು ಅವನ ಕೈಲಾಗಿಲ್ಲ. ಬೇರೆ ಯಾವ ಮೆಕ್ಯಾನಿಕ್ಕೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಅಪ್ಪನ ಮಕ್ಕಳು ಮಾಡುತ್ತಾರೆ.

ಆ ಬಾಟ್ಲಿ ಬಿದ್ದು ಒಡೆದಿತ್ತಲ್ಲ.

ಕಿಡಿ ಅತ್ತಿಗೆಯ ಕಡೆ ತಿರುಗಲಿಲ್ಲ. ತಿರುಗಿದರೆ ಮುಖದಲ್ಲಿ ಏನಾದರೂ ಕಾಣಿಸೀತು. ಏನೂ ಕಾಣಿಸದಿದ್ದರೆ ಅದು ಇನ್ನೂ ಕೆಟ್ಟದ್ದು.

"ಬೆಲ್ಟು ಯಾರು ಹಾಕಿದ್ದು, ಡಾಕ್ಟ್ರೇ?"

"ಬೆಲ್ಟು?"

"ಇದು. ಹೊಸದು. ನಿಂತಲ್ಲೇ ನಿಂತಿದೆ ಅಂತ ಪೇಪರಲ್ಲಿ ಹಾಕಿದ್ರಿ."

"ನಾನು ಹಲ್ಲು ಕೀಳೋನು. ನಂಗೇನು ಗೊತ್ತು ಬೆಲ್ಟು." ಡಾಕ್ಟರು ಕೈಗಳನ್ನು ಬಿಳಿ ಅಂಗಿಯ ಜೇಬಿಗೆ ಇಳಿಸಿದರು. "ಕೊಳ್ಳೋಕೆ ಬರೋರಿಗೆ ಎಂಜಿನ್ ಸದ್ದಾದ್ರೂ ಕೇಳಿಸ್ಬೇಕಲ್ಲ ಅಂತ ಒಬ್ಬರ ಕೈಯಲ್ಲಿ ಹಾಕಿಸಿದೆ."

"ಯಾರ ಕೈಯಲ್ಲಿ?"

"ಪಾರ್ಸೆಲ್ ವ್ಯಾನ್ ಓಡಿಸ್ತೀನಿ, ಇದು ಬರೀ ಹವ್ಯಾಸ ಅಂದ್ರಲ್ಲ ನೀವು, ಬಂದಾಗ?"

"ಹೌದು."

"ದಿನಾ ಎಷ್ಟು ಸಲ ಹಲ್ಲುಜ್ಜುತ್ತೀರಾ?"

ಕಿಡಿ ಸಾಲಿನಿಂದ ಜಾರಿದ್ದ ಒಂದು ಸ್ಕ್ರೂವನ್ನು ಮತ್ತೆ ಸಾಲಿಗೆ ಸೇರಿಸಿದ.

"ನನ್ನ ಕುರ್ಚಿಯಲ್ಲಿ ಕೂತೋರೆಲ್ಲ ಎರಡು ಸಲ ಅಂತಾರೆ," ಅಂದರು ಡಾಕ್ಟರು. "ಬಾಯಿ ತೆಗೆದ ಕೂಡಲೇ ಗೊತ್ತಾಗುತ್ತೆ. ಆದ್ರೂ ನಾನು ಏನೂ ಅನ್ನಲ್ಲ. ವ್ಯಾನ್ ಓಡಿಸೋರು ಸ್ಕ್ರೂ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಲ್ಲಪ್ಪ. ಈ ಸಾಲು ನಾನು ಮೊದಲೂ ನೋಡಿದ್ದೀನಿ. ಅವರು ಎಡಗೈಯಲ್ಲಿ ಇಟ್ಟಿದ್ರು, ಅಷ್ಟೇ ವ್ಯತ್ಯಾಸ."

ಕಪಾಟಿನ ದವಡೆಗಳು ನಗುತ್ತಲೇ ಇದ್ದವು. ಕಿಡಿ ಸ್ಕ್ರೂಡ್ರೈವರನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಹೊಡೆಯಲಿಕ್ಕಲ್ಲ. ಬಲಗೈ ತನ್ನದೋ ಅಲ್ಲವೋ ಅನ್ನಿಸಿತ್ತು, ಅದಕ್ಕೆ.

"ನಮ್ಮಣ್ಣ ಎಲ್ಲಿ?"

ಡಾಕ್ಟರು ನಿಧಾನವಾಗಿ ಹೋಗಿ ಹಳೇ ಕುರ್ಚಿಯ ತೋಳಿನ ಮೇಲೆ ಕೂತರು. ಅವರು ಮಾತಾಡಿದ್ದು ದೂರದ ನೆಂಟರ ಸುದ್ದಿ ಹೇಳುವವರ ಹಾಗೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕ್ಲಿನಿಕ್ ಬಾಗಿಲು ತೆಗೆಯುವ ಹೊತ್ತಿಗೆ, ಈ ಕಾರು ಕಾಂಪೌಂಡಿನೊಳಗೆ ಬಂದು ನಿಂತಿತಂತೆ. ಆಗ ಬೆಳ್ಳಿ ಬಣ್ಣದ್ದು. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಮಲಗಿದ್ದ. ದವಡೆ ಎರಡು ಕಡೆ ಮುರಿದಿತ್ತು. ಅಪಘಾತದಲ್ಲಿ ಮುರಿದದ್ದಲ್ಲ, ಕಾರಿಗೆ ಒಂದು ಗೀರೂ ಆಗಿರಲಿಲ್ಲ. ಆಸ್ಪತ್ರೆಗೆ ಹೋಗಿ ಅಂದರೆ ಕರೆತಂದವರು ಕೇಳಲಿಲ್ಲವಂತೆ. ಆಸ್ಪತ್ರೆಯಲ್ಲಿ ಹೆಸರು ಕೇಳುತ್ತಾರೆ, ಹಿಂದೆಯೇ ಠಾಣೆಯವರು ಬರುತ್ತಾರೆ ಅಂತ ಅಂಗಲಾಚಿದರಂತೆ. ದವಡೆಗೆ ತಂತಿ ಕಟ್ಟಿ, ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಇರಿಸಿಕೊಂಡರಂತೆ.

"ಮಾತಾಡೋಕೆ ಆಗ್ತಿರಲಿಲ್ಲ ಅವರಿಗೆ. ಮೊದಲ ದಿನ ಸನ್ನೆ ಮಾಡಿ ಕೇಳಿದ್ದು ಏನು ಗೊತ್ತಾ? ಸ್ಪ್ಯಾನರು. ನನ್ನ ಈ ಕುರ್ಚಿ ಅಲ್ಲಾಡ್ತಿತ್ತು, ಅದನ್ನ ಬಿಗಿ ಮಾಡಿದ್ರು."

ಕಿಡಿ ಕುರ್ಚಿಯ ಬುಡ ನೋಡಿದ. ಬೋಲ್ಟಿನ ಮೇಲೆ ಕೆಂಪು ಗೆರೆ. ಮಾಸಿ ಕಂದಾಗಿತ್ತು. ಎಡಕ್ಕೆ ಓಲಿತ್ತು.

"ಓಡಿಸ್ಕೊಂಡು ಬಂದೋರು ಯಾರು?" ಅಂದ. "ಹಿಂದಿನ ಸೀಟಲ್ಲಿ ಅಣ್ಣ ಅಂದ್ರೆ, ಮುಂದೆ ಯಾರು?"

"ಅದೂ, ಅವರು ಈಗ ಎಲ್ಲಿ ಅನ್ನೋದೂ ಈ ಕಾರಿನ ಕಥೆ. ಕಾರು ಕೊಂಡೋರಿಗೆ ಹೇಳ್ತೀನಿ."

"ವ್ಯಾಪಾರ ಮಾಡ್ತಿದ್ದೀರಾ?"

"ವ್ಯಾಪಾರ ಅಲ್ಲಪ್ಪ, ಭಯ." ಡಾಕ್ಟರ ದನಿ ಮೊದಲ ಸಲ ಸ್ವಲ್ಪ ಒಡೆಯಿತು. "ಕೇಳಿಕೊಂಡು ಹೋಗಿ ನೀವು ಠಾಣೆಗೆ ಹೇಳಿದ್ರೆ, ನನ್ನ ಷೆಡ್ಡಲ್ಲಿ ಕಳವಿನ ಕಾರು, ನನ್ನ ಮಹಡಿ ಮೇಲೆ ಇಷ್ಟು ದಿನ ಕಳ್ಳ. ಕೀಲಿ ನಿಮ್ಮ ಕೈಲಿದ್ರೆ ಹೇಳಲ್ಲ ನೀವು. ಆಗ ನಾನೂ ನೀವೂ ಒಂದೇ ದೋಣಿ. ಅದಕ್ಕೇ ಆ ಜಾಹೀರಾತು. ಹುಚ್ಚಿರೋರು ಬರ್ತಾರೆ ಅಂತ ಗೊತ್ತಿತ್ತು. ಯಾವ ಹುಚ್ಚು ಅಂತ ನಾನು ಬರೆದಿರಲಿಲ್ಲ ಅಷ್ಟೇ."

"ಯಾರು ಹೊಡೆದದ್ದು ಅಂತನಾದ್ರೂ ಹೇಳಿ. ಸಾಹುಕಾರನಾ?"

"ಕೊಂಡೋರಿಗೆ."

ಆ ಮಾತು ಹೇಳುವಾಗ ಡಾಕ್ಟರು ಕಿಡಿಯನ್ನು ನೋಡಲಿಲ್ಲ. ಅವನ ಭುಜದ ಆಚೆಗೆ, ಅತ್ತಿಗೆ ನಿಂತಿದ್ದ ಕಡೆ ನೋಡಿದರು. ಅರೆಗಳಿಗೆ. ಆಮೇಲೆ ನೆಲ.

ಗೇಟಿನ ಹತ್ತಿರ ಲಾರಿಯ ಹಾರ್ನು ಕೇಳಿಸಿತು. ಉದ್ದಕ್ಕೆ ಒಂದು, ಗಿಡ್ಡಕ್ಕೆ ಒಂದು. ಗುಜರಿಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ಹೆಣ ಎತ್ತುವವರಿಗೆ ಯಾವತ್ತೂ ಅವಸರ.

"ಹೇಳಿ," ಡಾಕ್ಟರು ಎದ್ದರು. "ತಗೊಳ್ತೀರೋ, ಅವರನ್ನ ಒಳಗೆ ಬಿಡ್ಲೋ?"

ಕಿಡಿ ಕಾರನ್ನು ನೋಡಿದ. ತಳ ತುಕ್ಕು. ಕ್ಲಚ್ಚು ಕಾಲಿಟ್ಟರೆ ನೆಲಕ್ಕೆ. ವೈರಿಂಗಿನಲ್ಲಿ ಇಲಿಗಳ ಸಂಸಾರ. ಬುದ್ಧಿ ಇದ್ದ ಯಾವನೂ ಮುಟ್ಟದ ಗಾಡಿ. ಮನೆಗೆ ತಂದ ದಿನವೇ ಊರು ಹೇಳುತ್ತದೆ, ನೋಡಿ, ನಾವು ಹೇಳಿರಲಿಲ್ಲವಾ. ಠಾಣೆಯವರು ಈ ಸಲ ಡಬ್ಬಿ ಬೋರಲು ಹಾಕುವುದಿಲ್ಲ, ಇವನನ್ನೇ ಬೋರಲು ಹಾಕುತ್ತಾರೆ. ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಯಾವುದೂ ಎಲ್ಲಿಗೂ ಚುಚ್ಚಲಿಲ್ಲ. ಮರಗಟ್ಟಿದವನಿಗೆ ಇರುವ ಒಂದೇ ಲಾಭ ಅದು.

"ತಗೊಳ್ತೀನಿ," ಅಂದ.

ಹಿಂದೆ ಅತ್ತಿಗೆಯ ಚಪ್ಪಲಿ ಸರಕ್ ಅಂದಿತು.

ಡಾಕ್ಟರು ಜೇಬಿನಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟರು. ಮೈಯ ಬಿಸಿಗೆ ಕೀಲಿ ಬೆಚ್ಚಗಿತ್ತು. ಬೆಳಿಗ್ಗೆಯಿಂದ ಜೇಬಿನೊಳಗೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು ಅಂತ ಕಾಣುತ್ತದೆ. ಲಾರಿಯವರನ್ನು ಕಳಿಸಿ ಬರ್ತೀನಿ, ಆಮೇಲೆ ಕೂತು ಮಾತಾಡೋಣ ಅಂತ ಹೇಳಿ, ಬಿಳಿ ಚಪ್ಪಲಿ ಎಳೆಯುತ್ತಾ ಗೇಟಿನ ಕಡೆ ಹೋದರು.

ಷೆಡ್ಡಿನಲ್ಲಿ ಇಬ್ಬರೇ.

"ವಾಪಸ್ ಕೊಡು ಅದನ್ನ," ಅಂದಳು ಅತ್ತಿಗೆ.

ಕಿಡಿ ತಿರುಗಿದ. ಅವಳು ಕಪಾಟಿಗೆ ಒರಗಿ ನಿಂತಿದ್ದಳು, ದೀಪದ ಗುಂಡಿ ಇರುವ ಕಡೆ. ಹೊಸಬರ ಷೆಡ್ಡಿನಲ್ಲಿ, ಕತ್ತಲೆಯಲ್ಲಿ, ಕಪಾಟಿನ ಹಿಂದೆ ಗುಂಡಿ ಇದೆ ಅಂತ ಅವಳ ಕೈಗೆ ಹೇಗೆ ಗೊತ್ತಾಯಿತು ಅನ್ನುವುದು ಅವನಿಗೆ ಆಗ ಹೊಳೆಯಿತು. ಹೊಳೆದದ್ದೂ ಬೇರೆ ಯಾರಿಗೋ ಹೊಳೆದ ಹಾಗಿತ್ತು.

ಅವನು ಹೆಬ್ಬೆರಳು ಚಾಚಿ ತೋರಿಸಿದ. ಉಗುರಿನ ತುದಿಯಲ್ಲಿ ಬದನೆಕಾಯಿ ಬಣ್ಣದ ಚೂರು.

"ಒಡೆದುಹೋಯ್ತು ಅಂದಿದ್ರಿ, ಅತ್ತಿಗೆ."

ಅವಳು ಆ ಉಗುರಿನ ಕಡೆ ಬಗ್ಗಿದಳು. ತನ್ನ ಸೆರಗಿನ ಚುಂಗಿನಿಂದ ಅದನ್ನು ಒರೆಸಲು ಕೈ ಮುಂದೆ ತಂದಳು, ಚಿಕ್ಕವನಿದ್ದಾಗ ಮೂಗು ಒರೆಸುತ್ತಿದ್ದ ಹಾಗೆ. ಕಿಡಿ ಕೈ ಹಿಂದಕ್ಕೆ ಎಳೆದುಕೊಂಡ. ಅವಳ ಕೈ ಗಾಳಿಯಲ್ಲೇ ಉಳಿಯಿತು.

"ನಿಮ್ಮಣ್ಣ ಬೇಡ ಅಂದಿದ್ದಾರೆ," ಅಂದಳು. "ಏನಾದ್ರೂ ಆಗ್ಲಿ, ಈ ಗಾಡಿ ಕಿಡಿಯ ಕೈಗೆ ಸಿಗಬಾರದು, ನೀನೇ ಜೊತೆಗೆ ಹೋಗಿ ತಪ್ಪಿಸು ಅಂದಿದ್ದಾರೆ."

ಹೊರಗೆ ಡಾಕ್ಟರು ಲಾರಿಯವರ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ಯಾರೋ ಗೊಣಗಿದರು. ಲಾರಿ ಹಿಂದಕ್ಕೆ ಸರಿಯಿತು.

ಕಿಡಿಯ ಮುಷ್ಟಿಯಲ್ಲಿ ಕೀಲಿಯ ಹಲ್ಲುಗಳು ಅಂಗೈಗೆ ಒತ್ತುತ್ತಿದ್ದವು. ಇನ್ನಷ್ಟು ಬಿಗಿಯಾಗಿ ಹಿಡಿದ. ಎಲ್ಲೋ ಆಳದಲ್ಲಿ, ಮದ್ದು ಇಳಿಯುವಾಗ ಮೊದಲು ಬರುತ್ತದಲ್ಲ, ಆ ಸಣ್ಣ ಜುಮುಜುಮು.

"ಯಾವಾಗ ಅಂದ್ರು?"

ಅತ್ತಿಗೆ ಕೈಯನ್ನು ಕೆಳಗಿಳಿಸಿದಳು.

"ಇವತ್ತು ಬೆಳಿಗ್ಗೆ, ಬಾಗಿಲಿಗೆ ಬಂದು. ನೀನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ."